ಅಕ್ಕಲಕೋಟದ ಕನ್ನಡ ಶಾಲೆಯ ಕಂಪ್ಯೂಟರೂ ಒಂದು ಹಳೆಯ ಚೀಟಿಯೂ

ಮಹಾಜನ ಆಯೋಗದ ಹೆಸರು ಕೇಳದ ಮನೆ ನಮ್ಮ ಕಾಸರಗೋಡಿನ ಕನ್ನಡಿಗರಲ್ಲಿ ಇರಲಾರದು. ಚಂದ್ರಗಿರಿ ಹೊಳೆಯಿಂದ ಬಡಗಣ ಭಾಗವು ಮೈಸೂರು ರಾಜ್ಯಕ್ಕೆ ಸೇರತಕ್ಕದ್ದೆಂದು 1967ರಲ್ಲಿ ಹೇಳಿದ ಆ ವರದಿಯೇ ಮಹಾರಾಷ್ಟ್ರದ ಅಕ್ಕಲಕೋಟ ತಾಲೂಕು ಕೂಡ ಸೇರತಕ್ಕದ್ದೆಂದು ಹೇಳಿತ್ತು. ನಮ್ಮದೂ ಆಗಲಿಲ್ಲ, ಅವರದೂ ಆಗಲಿಲ್ಲ. ಆದುದರಿಂದ ಅಕ್ಕಲಕೋಟವೆಂದರೆ ನಮಗೆ ನೋಡದೆ ಇದ್ದರೂ ಪರಿಚಯದ ಊರು. ಕಳೆದ ಚಳಿಗಾಲದಲ್ಲಿ ಸಂಬಂಧಿಕರೊಡನೆ ಸ್ವಾಮಿ ಸಮರ್ಥರ ದರ್ಶನಕ್ಕೆಂದು ಹೋದವರು, ಒಂದು ಕನ್ನಡ ಶಾಲೆಯ ಕೋಣೆಯಲ್ಲಿ ಎರಡು ದಿನ ಕಂಪ್ಯೂಟರಿನ ಮುಂದೆ ಕುಳಿತು ಬಂದೆವು. ಆ ಎರಡು ದಿನದ ವಿಚಾರವನ್ನೇ ಇಲ್ಲಿ ಬರೆಯುವುದು.

ಆ ಶಾಲೆ ಪಟ್ಟಣದಿಂದ ಕೆಲವು ಮೈಲಿ ಆಚೆಗಿದೆ. ಮಕ್ಕಳು ಓದುವ ಕನ್ನಡ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಅಚ್ಚಾಗಿ ಬರುತ್ತದೆ. ನಮ್ಮ ಮಕ್ಕಳ ಕನ್ನಡ ಪುಸ್ತಕ ತಿರುವನಂತಪುರದಿಂದ ಬರುವಂತೆಯೇ. ಗೋಡೆಯಲ್ಲಿ ಬಸವಣ್ಣನವರ ಪಕ್ಕಕ್ಕೆ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ ಭಾವಚಿತ್ರವಿದೆ. ಪಠ್ಯ ಬಿಟ್ಟರೆ ಕನ್ನಡದಲ್ಲಿ ಓದಲು ಬೇರೇನಿದೆ ಎಂಬುದು ಅಲ್ಲಿಯೂ ಹಳೆಯ ಪ್ರಶ್ನೆ. ಅದಕ್ಕೆ ಆ ಶಾಲೆಯವರು ಕಂಡುಕೊಂಡ ಉತ್ತರ ಮೂಲೆಯ ಮೇಜಿನ ಮೇಲಿತ್ತು: ಒಂದು ಹಳೆಯ ಕಂಪ್ಯೂಟರು, ಅದಕ್ಕೆ ತಂತಿಯಿಂದ ಜೋಡಿಸಿದ ಒಂದು ಹೊರಗಿನ ಡಿಸ್ಕು. ಹಕ್ಕುಸ್ವಾಮ್ಯ ಮುಗಿದ ಹಳೆಯ ಕನ್ನಡ ಪುಸ್ತಕಗಳ ಚಿತ್ರಪ್ರತಿಗಳು, ಮಕ್ಕಳ ಕೈಬರಹದ ಪತ್ರಿಕೆಗಳು, ಮಕ್ಕಳು ತಮ್ಮ ಅಜ್ಜಿಯರಿಂದ ಹಾಡಿಸಿ ಫೋನಿನಲ್ಲಿ ಹಿಡಿದುಕೊಂಡ ಬೀಸುವ ಪದಗಳು, ಎಲ್ಲವೂ ಅದರೊಳಗೆ. ಪಕ್ಕದ ಕೋಣೆಯ ಏಳೆಂಟು ಕಂಪ್ಯೂಟರುಗಳಿಂದ ಮಕ್ಕಳು ಇವನ್ನು ತೆರೆದು ಓದಬಹುದು, ಕೇಳಬಹುದು. ಇದಕ್ಕೆ ಇಂಟರ್ನೆಟ್ಟು ಬೇಡ. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪುಣೆಯಲ್ಲಿ ನೌಕರಿ ಮಾಡುವವನು, 2013ರಲ್ಲಿ ಬಿಡುವಿನ ದಿನಗಳಲ್ಲಿ ಬಂದು ಮಾಡಿಕೊಟ್ಟದ್ದು. ಡೆಬಿಯನ್ ಎಂಬ, ಯಾರಿಗೂ ಹಣ ಕೊಡಬೇಕಾಗಿಲ್ಲದ ವ್ಯವಸ್ಥೆಯ ಮೇಲೆ ತಾನೇ ಬರೆದ ಒಂದು ಸಣ್ಣ ಪ್ರೋಗ್ರಾಮನ್ನು ಕೂರಿಸಿದ್ದ.

ನಾವು ಹೋದಾಗ ಆ ಕಂಪ್ಯೂಟರಿನ ಮೇಲ್ಗಡೆ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ದಿನಾಲೂ ಬೆಳಿಗ್ಗೆ ಡಿಸ್ಕಿನ ದೀಪ ಹತ್ತಿದ ಮೇಲೆ ಯಾವ ಆಜ್ಞೆಯನ್ನು ಬೆರಳಚ್ಚು ಮಾಡಬೇಕು ಎಂಬುದನ್ನು ಗುರುಗಳು ದಪ್ಪ ಅಕ್ಷರದಲ್ಲಿ ಬರೆದಿದ್ದರು.

‘ತಾನಾಗೇ ಚಾಲೂ ಆಗವಲ್ದ್ರಿ ಸರ. ಕರೆಂಟ್ ಹೋಗಿ ಬಂತಂದ್ರ ಮತ್ತ ನಾನ ಬಂದು ಹೊಡೀಬೇಕು. ನಾ ರಜಾ ಇದ್ದ ದಿನ ಹುಡುಗರಿಗೆ ಪುಸ್ತಕಾನೂ ರಜಾನ,’ ಎಂದರು.

ಅವರಿಗೆ ಬರುವ ಮೇ ತಿಂಗಳಲ್ಲಿ ನಿವೃತ್ತಿ. ಆ ಕಾಗದವನ್ನು ಓದಿ ಅದರಂತೆ ಮಾಡುವವರು ಶಾಲೆಯಲ್ಲಿ ಇನ್ನೊಬ್ಬರಿರಲಿಲ್ಲ.

ಮೊದಲೇ ಹೀಗಿತ್ತೋ ಎಂದು ಕೇಳಿದೆವು. ಇಲ್ಲ. ಒಂಬತ್ತು ವರ್ಷ ಗುಂಡಿ ಒತ್ತಿದರೆ ಸಾಕಿತ್ತಂತೆ. 2022ರಲ್ಲಿ, ಕೊರೊನಾ ಕಳೆದು ಶಾಲೆ ತೆರೆದ ಮೇಲೆ, ಉಪಕಾರ ಮಾಡಲು ಬಂದ ಯಾರೋ ಡೆಬಿಯನ್ನಿನ ಹೊಸ ಆವೃತ್ತಿ ಕೂರಿಸಿ, ಹಳೆಯ ಪ್ರೋಗ್ರಾಮನ್ನೂ ಅದನ್ನು ಎಬ್ಬಿಸುವ ಹಳೆಯ ಚೀಟಿಯನ್ನೂ ಇದ್ದ ಹಾಗೆಯೇ ನಕಲು ಮಾಡಿ ಹೋಗಿದ್ದರು. ತೊಂದರೆ ಅಲ್ಲಿಂದ ಆರಂಭ.

ಈ ಚೀಟಿ ಎಂದರೇನು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಂಪ್ಯೂಟರಿಗೆ ವಿದ್ಯುತ್ತು ಬಂದಾಗ ಅದರ ತಿರುಳು ಮೊದಲು ಎಚ್ಚರಗೊಂಡು, ಮಿಕ್ಕ ಎಲ್ಲರನ್ನೂ ಎಬ್ಬಿಸುವ ಕೆಲಸವನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಅದರ ಸಂಖ್ಯೆ ಒಂದು, ಹೆಸರು ಇನಿಟ್. 1983ರಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಕಂಪೆನಿ ಹೊರತಂದ ಯುನಿಕ್ಸ್ ಸಿಸ್ಟಮ್ ಫೈವ್‌ನಲ್ಲಿದ್ದ ಕ್ರಮವನ್ನು ಅನುಸರಿಸಿ, 1992ರಲ್ಲಿ ಮಿಕೆಲ್ ವಾನ್ ಸ್ಮೂರೆನ್‌ಬರ್ಗ್ ಎಂಬವರು ಲಿನಕ್ಸಿಗೆ ಅಂಥದೊಂದನ್ನು ಬರೆದುಕೊಟ್ಟರು. ಅದರಲ್ಲಿ ಪ್ರತಿ ಸೇವೆಗೂ ಒಂದೊಂದು ಸ್ಕ್ರಿಪ್ಟ್, ಅಂದರೆ ಆಜ್ಞೆಗಳನ್ನು ಸಾಲಾಗಿ ಬರೆದ ಚೀಟಿ. ‘ಆರಂಭಿಸು’ ಎಂದರೆ ಏನು ಮಾಡಬೇಕು, ‘ನಿಲ್ಲಿಸು’ ಎಂದರೆ ಏನು ಮಾಡಬೇಕು ಎಂಬುದೆಲ್ಲ ಚೀಟಿ ಬರೆದವನ ಮರ್ಜಿ. ಚೀಟಿಗಳಿಗೆ ಕ್ರಮಸಂಖ್ಯೆ ಕೊಟ್ಟರೆ ಯಂತ್ರ ಒಂದಾದ ಮೇಲೆ ಒಂದರಂತೆ ಓದಿ ನಡೆಸುತ್ತದೆ.

ನಮ್ಮ ಕಡೆಯವರಿಗೆ ಯಕ್ಷಗಾನದ ಚೌಕಿಯನ್ನು ನೆನಪಿಸಿದರೆ ಬೇಗ ಅರ್ಥವಾದೀತು. ಒಂದೇ ಕನ್ನಡಿ ಇದ್ದು ವೇಷಧಾರಿಗಳು ಒಬ್ಬರ ಬಣ್ಣ ಮುಗಿದ ಮೇಲೆ ಇನ್ನೊಬ್ಬರು ಕೂರುವ ಚೌಕಿ ಹಳೆಯ ಪದ್ಧತಿ. ಆಟ ಸುರುವಾಗುವಾಗ ನಡುರಾತ್ರಿ. ಆದರೆ ಯಾರು ಯಾರ ನಂತರ ಎಂಬುದರಲ್ಲಿ ಗೊಂದಲವಿಲ್ಲ. ಹೊಸ ಪದ್ಧತಿಯಲ್ಲಿ ಎಲ್ಲರೂ ಒಟ್ಟಿಗೆ ಬಣ್ಣಕ್ಕೆ ಕೂರುತ್ತಾರೆ. ಆದರೆ ತನಗೆ ಏನೇನು ಆಗಿರಬೇಕು, ದೀಪ ಹತ್ತಿರಬೇಕೇ, ಭಾಗವತರು ಬಂದು ಕುಳಿತಿರಬೇಕೇ, ಎಂಬುದನ್ನು ಪ್ರತಿಯೊಬ್ಬನೂ ಮೊದಲೇ ಬರೆದು ಕೊಟ್ಟಿರಬೇಕು. ಬರೆಯದವನು ಕತ್ತಲೆಯ ರಂಗಸ್ಥಳಕ್ಕೆ ಬಂದು ನಿಂತರೆ ತಪ್ಪು ಅವನದೇ.

ಈ ಹೊಸ ಪದ್ಧತಿಯ ಹೆಸರು ಸಿಸ್ಟಮ್‌ಡಿ. 2010ರಲ್ಲಿ ಲೆನಾರ್ಟ್ ಪೊಟರಿಂಗ್ ಮತ್ತು ಕೇ ಸೀವರ್ಸ್ ಎಂಬವರು ಆರಂಭಿಸಿದ್ದು. 2011ರಲ್ಲಿ ಫೆಡೋರಾ ಇದನ್ನು ಒಪ್ಪಿಕೊಂಡಿತು. ಡೆಬಿಯನ್ನಿನಲ್ಲಿ ಮಾತ್ರ ದೊಡ್ಡ ಜಗಳವೇ ನಡೆಯಿತು. 2014ರ ಫೆಬ್ರವರಿಯಲ್ಲಿ ಅದರ ತಾಂತ್ರಿಕ ಸಮಿತಿಯ ಎಂಟು ಮಂದಿ ನಾಲ್ಕು ನಾಲ್ಕಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಂದು ಪ್ರೋಗ್ರಾಮು ಒಂದೇ ಕೆಲಸ ಮಾಡಬೇಕೆಂಬುದು ಯುನಿಕ್ಸಿನ ಹಳೆಯ ನೀತಿ, ಇದು ಎಲ್ಲ ಕೆಲಸಕ್ಕೂ ಕೈ ಹಾಕುತ್ತದೆ ಎಂದು ವಿರೋಧಿಗಳ ದೂರು. ಕೆಲವರು ಬೇರೆ ಮನೆಯನ್ನೇ ಮಾಡಿದರು, ಅದೇ ದೇವುವಾನ್. 2015ರ ಏಪ್ರಿಲಿನಲ್ಲಿ ಬಂದ ಡೆಬಿಯನ್ 8 ಹೊಸ ಪದ್ಧತಿಯಲ್ಲೇ ಬಂತು, ಅದೇ ತಿಂಗಳ ಉಬುಂಟುವೂ ಹಾಗೆಯೇ. ಜಗಳದಲ್ಲಿ ಎರಡೂ ಕಡೆ ನ್ಯಾಯವಿತ್ತೆಂದು ನಮ್ಮ ಅಭಿಪ್ರಾಯ. ಆದರೆ ಅಕ್ಕಲಕೋಟದ ಗುರುಗಳನ್ನು ಯಾರೂ ಮತ ಕೇಳಿರಲಿಲ್ಲ.

ಹಾಗಾದರೆ ಹಳೆಯ ಚೀಟಿಗಳ ಗತಿ? ನೂರಾರು ಪ್ಯಾಕೇಜುಗಳಿಗೆ ಅವುಗಳನ್ನು ನೋಡಿಕೊಳ್ಳುವ ಸ್ವಯಂಸೇವಕರು ಒಂದೊಂದಾಗಿ ಹೊಸ ರೀತಿಯ ಕಡತ ಬರೆದರು. ಸಂಬಳವಿಲ್ಲದ, ಹೆಸರು ಬಾರದ ಕೆಲಸ. ಬರೆಯದೆ ಉಳಿದವಕ್ಕೆ ಸಿಸ್ಟಮ್‌ಡಿಯವರು ಒಬ್ಬ ದುಭಾಷಿಯನ್ನು ಇಟ್ಟರು. ಯಂತ್ರ ಎಚ್ಚರವಾಗುವಾಗ ಹಳೆಯ ಚೀಟಿಗಳನ್ನು ಹುಡುಕಿ, ಅವುಗಳ ತಲೆಬರಹ ಓದಿ, ಹೊಸ ಭಾಷೆಯಲ್ಲಿ ಒಂದು ತಾತ್ಕಾಲಿಕ ಕಡತ ಬರೆದುಕೊಡುವ ಸಣ್ಣ ಪ್ರೋಗ್ರಾಮು ಅದು. ನಮ್ಮ ಜಿಲ್ಲೆಯಲ್ಲಿ ಕನ್ನಡ ಅರ್ಜಿ ಹಿಡಿದು ಕಚೇರಿಗೆ ಹೋದವರಿಗೆ ದುಭಾಷಿಯ ಬೆಲೆಯೂ ಗೊತ್ತು, ಮಿತಿಯೂ ಗೊತ್ತು. ಅರ್ಜಿಯಲ್ಲಿ ಬರೆದದ್ದನ್ನು ಆತ ಹೇಳಿಯಾನು, ಬರೆಯದೆ ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹೇಳಲಾರ.

ಪುಣೆಯ ಹುಡುಗನ ಚೀಟಿಗೆ ತಲೆಬರಹವೇ ಇರಲಿಲ್ಲ. ಡಿಸ್ಕು ಜೋಡಿಯಾದ ಮೇಲೆ ಎಬ್ಬಿಸು ಎಂದು ಅದರಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯುವ ಅಗತ್ಯವೂ ಅಂದು ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಡಿಸ್ಕುಗಳನ್ನೆಲ್ಲ ಮೊದಲ ಹಂತದಲ್ಲೇ ಜೋಡಿಸಿ ಮುಗಿಸುತ್ತಿದ್ದರು, ಅವನ ಸರದಿ ಬಹಳ ಹಿಂದೆ ಬರುತ್ತಿತ್ತು. ಹೊಸ ಪದ್ಧತಿಯಲ್ಲಿ ಇದರ ಮೇಲೆ ಇನ್ನೊಂದು ತೊಡಕು ಸೇರಿತು. ಹೊಸ ಆವೃತ್ತಿ ಬಂದ ಹೊಸತರಲ್ಲಿ ಯಾರೋ ಡಿಸ್ಕಿನ ತಂತಿ ಕಳಚಿದ್ದರಂತೆ. ಸಿಸ್ಟಮ್‌ಡಿ ಅದಕ್ಕಾಗಿ ಒಂದೂವರೆ ನಿಮಿಷ ಕಾದು, ಸಿಗದೆ, ಇಡೀ ಯಂತ್ರವನ್ನೇ ತುರ್ತುಸ್ಥಿತಿಯಲ್ಲಿ ನಿಲ್ಲಿಸಿಬಿಟ್ಟಿತು. ‘ಈ ಡಿಸ್ಕು ಇಲ್ಲದಿದ್ದರೂ ಮುಂದೆ ಹೋಗು’ ಎಂಬ ಅರ್ಥದ ‘ನೋಫೇಲ್’ ಎಂಬ ಒಂದು ಪದವನ್ನು ಫೋನಿನಲ್ಲಿ ಕೇಳಿಕೊಂಡು ಸೇರಿಸಿದರು. ಯಂತ್ರ ಎದ್ದಿತು. ಆದರೆ ಆ ಪದ ಸೇರಿದ ಮೇಲೆ ಆ ಡಿಸ್ಕಿಗಾಗಿ ಯಾರೂ ಕಾಯುವುದಿಲ್ಲ. ಪ್ರೋಗ್ರಾಮು ಎದ್ದು ನೋಡುತ್ತದೆ, ಪುಸ್ತಕದ ಕಪಾಟು ಖಾಲಿ, ಅಲ್ಲೇ ಸಾಯುತ್ತದೆ. ಹತ್ತು ಸೆಕೆಂಡು ಕಳೆದು ಡಿಸ್ಕು ಬರುತ್ತದೆ.

ಇಷ್ಟೇ ಆಗಿದ್ದರೆ ಗುರುಗಳು ಅಷ್ಟು ದಿನ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅವರನ್ನು ಸತಾಯಿಸಿದ್ದು ಬೇರೆಯೇ ಸಂಗತಿ. ಸೇವೆ ಹೇಗಿದೆ ಎಂದು ಯಂತ್ರವನ್ನು ಕೇಳಿದರೆ ಅದು ಹಸಿರು ಬಣ್ಣದಲ್ಲಿ ‘ಆಕ್ಟಿವ್’ ಎಂದೇ ಉತ್ತರ ಕೊಡುತ್ತಿತ್ತು.

‘ಚಾಲೂ ಐತಿ ಅಂತೈತ್ರಿ, ಚಾಲೂ ಇಲ್ಲ. ಇದೇನ್ ಸುಳ್ಳ ಹೇಳೂ ಮಶೀನೋ ಏನೋ.’

ಸುಳ್ಳಲ್ಲ, ಅರ್ಧ ನಿಜ. ಆ ಹಸಿರು ಪದದ ಪಕ್ಕದಲ್ಲಿ ಕಂಸದೊಳಗೆ ‘ಎಕ್ಸಿಟೆಡ್’ ಎಂದೂ ಇತ್ತು. ಹಳೆಯ ಚೀಟಿಗಳಲ್ಲಿ ಕೆಲವು ಒಮ್ಮೆ ಓಡಿ ಮುಗಿಯತಕ್ಕವು, ಕೆಲವು ಒಂದು ಪ್ರೋಗ್ರಾಮನ್ನು ಎಬ್ಬಿಸಿಟ್ಟು ಹೋಗತಕ್ಕವು; ಯಾವುದು ಯಾವ ಬಗೆಯೆಂದು ದುಭಾಷಿಗೆ ತಿಳಿಯುವುದಿಲ್ಲ. ಆದುದರಿಂದ ಚೀಟಿಯು ತಕರಾರಿಲ್ಲದೆ ಓದಿ ಮುಗಿದರೆ ಸಾಕು, ಸೇವೆ ನಡೆಯುತ್ತಿದೆ ಎಂದೇ ಲೆಕ್ಕ ಬರೆದುಕೊಳ್ಳುತ್ತದೆ. ಹಾಗೆ ಬರೆದುಕೊಂಡ ಮೇಲೆ ಗುರುಗಳು ‘ಸ್ಟಾರ್ಟ್’ ಎಂದು ಎಷ್ಟು ಸಲ ಹೊಡೆದರೂ ಅದು ಕದಲುವುದಿಲ್ಲ. ನಡೆಯುತ್ತಿರುವುದನ್ನು ಮತ್ತೆ ಆರಂಭಿಸುವುದೇನು ಎಂಬ ತರ್ಕ. ‘ರೀಸ್ಟಾರ್ಟ್’ ಎಂದರೆ ಮಾತ್ರ ಹೊಸದಾಗಿ ಎಬ್ಬಿಸುತ್ತದೆ. ಇದನ್ನು ಗುರುಗಳು ಯಾರ ಸಹಾಯವೂ ಇಲ್ಲದೆ ಹದಿನೈದು ದಿನ ತಡಕಾಡಿ ಕಂಡುಹಿಡಿದಿದ್ದರು. ಗೋಡೆಯ ಕಾಗದದಲ್ಲಿ ‘ರೀ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ಅದನ್ನು ನೋಡಿ ನಮಗೆ ಅವರ ಮೇಲೆ ಗೌರವ ಹೆಚ್ಚಿತು.

ಚೀಟಿಯನ್ನು ಹೊಸ ಕಡತವಾಗಿ ಬರೆದುಬಿಡೋಣ ಎಂದು ನಾವು ಕುಳಿತೆವು. ಅರುವತ್ತು ಸಾಲಿನ ಚೀಟಿ ಹೊಸದರಲ್ಲಿ ಹತ್ತು ಹನ್ನೆರಡು ಸಾಲಾಗುತ್ತದೆ. ಯಾವ ಪ್ರೋಗ್ರಾಮನ್ನು ಓಡಿಸಬೇಕು ಎಂಬುದು ‘ಎಕ್ಸೆಕ್ ಸ್ಟಾರ್ಟ್’ ಎಂಬ ಸಾಲಿನಲ್ಲಿ. ಯಾರ ಅಧಿಕಾರದಲ್ಲಿ ಓಡಬೇಕು ಎಂಬುದು ‘ಯೂಸರ್’ ಎಂಬಲ್ಲಿ. ತಾನಾಗಿ ಸತ್ತರೆ ಮತ್ತೆ ಎಬ್ಬಿಸು ಎಂಬುದಕ್ಕೆ ‘ರೀಸ್ಟಾರ್ಟ್’ ಎಂದೇ ಒಂದು ಸಾಲು. ಡಿಸ್ಕಿನ ಸಮಸ್ಯೆಗೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಎಂದು ಬರೆದು ಪುಸ್ತಕಗಳಿರುವ ಜಾಗದ ಹೆಸರು ಕೊಟ್ಟರೆ, ಆ ಡಿಸ್ಕು ಜೋಡಿಯಾಗುವ ತನಕ ಈ ಸೇವೆಯನ್ನು ಮಾತ್ರ ತಡೆದಿಡುತ್ತದೆ. ಯಂತ್ರದ ಉಳಿದ ಭಾಗ ತನ್ನಷ್ಟಕ್ಕೆ ಎದ್ದಿರುತ್ತದೆ. ಹಳೆಯ ಚೀಟಿಯೂ ಹೊಸ ಕಡತವೂ ಒಂದೇ ಹೆಸರಿನಲ್ಲಿದ್ದರೆ ಹೊಸದಕ್ಕೇ ಮನ್ನಣೆ, ದುಭಾಷಿ ಸುಮ್ಮನಾಗುತ್ತಾನೆ.

ಆದರೆ ಚೀಟಿಯಲ್ಲಿ ಇನ್ನೂ ಏನೇನೋ ಇತ್ತು. ತಾತ್ಕಾಲಿಕ ಕೋಶವೊಂದನ್ನು ಮಾಡುವುದು, ಹಿಂದಿನ ದಿನದ ಕಸ ಗುಡಿಸುವುದು, ಇಪ್ಪತ್ತು ಸೆಕೆಂಡು ಸುಮ್ಮನೆ ಮಲಗುವುದು. ನಡುವೆ ಒಂದು ಸಾಲು, ‘ಲ್ಯಾಂಗ್’ ಎಂಬುದಕ್ಕೆ ಕನ್ನಡ-ಭಾರತವೆಂಬ ಸಂಕೇತವನ್ನು ಕೊಟ್ಟದ್ದು. ಏಕೆಂದು ಟಿಪ್ಪಣಿ ಇಲ್ಲ. ಯಂತ್ರ ಮಾತಾಡುವುದು ಇಂಗ್ಲಿಷಿನಲ್ಲೇ ತಾನೇ, ಹುಡುಗ ಅಭಿಮಾನಕ್ಕೆ ಬರೆದಿರಬೇಕು ಎಂದುಕೊಂಡು ಅದನ್ನು ಬಿಟ್ಟೆವು. ಮಲಗುವ ಸಾಲನ್ನೂ ಬಿಟ್ಟೆವು. ಯಂತ್ರ ಆರಿಸಿ ಹತ್ತಿಸಿದೆವು. ಯಾರೂ ಏನೂ ಹೊಡೆಯದೆ ಸೇವೆ ಎದ್ದಿತು. ಈ ಸಲ ‘ಆಕ್ಟಿವ್’ ಪಕ್ಕದಲ್ಲಿ ‘ರನ್ನಿಂಗ್’ ಎಂದೇ ಇತ್ತು. ಗುರುಗಳು ಚಹಾ ತರಿಸಿದರು.

ಚಹಾ ಕುಡಿಯುವಷ್ಟರಲ್ಲಿ ಆರನೆಯ ತರಗತಿಯ ಹುಡುಗಿಯೊಬ್ಬಳು ಬಂದು ಪುಸ್ತಕದ ಹೆಸರುಗಳೆಲ್ಲ ಹೋಗಿವೆ ಎಂದಳು. ನೋಡಿದರೆ ಪಟ್ಟಿಯಲ್ಲಿ ಇಂಗ್ಲಿಷ್ ಹೆಸರಿನ ನಾಲ್ಕೈದು ಕಡತಗಳು ಸರಿಯಾಗಿದ್ದವು. ಕನ್ನಡದ ಹೆಸರಿದ್ದಲ್ಲೆಲ್ಲ ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ. ಒತ್ತಿದರೆ ಯಾವುದೂ ತೆರೆಯದು. ಅಜ್ಜಿಯರ ಹಾಡುಗಳೂ ಅಷ್ಟೆ.

ಪುಣೆಗೆ ಫೋನು ಮಾಡಿದೆವು. ಹುಡುಗ ಆಫೀಸಿನಲ್ಲಿದ್ದ, ಆದರೂ ಮಾತಾಡಿದ. ‘ಆ ಒಂದ ಸಾಲು ಬಿಟ್ರೇನ್ರಿ?’ ಎಂಬುದು ಅವನ ಮೊದಲ ಪ್ರಶ್ನೆ. ಯಂತ್ರ ಕೂರಿಸಿದಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡಕ್ಕೆ ಗುರುತು ಹಾಕಿದ್ದರೂ, ಇಡೀ ಯಂತ್ರದ ಮುಖ್ಯ ಭಾಷೆ ಯಾವುದೆಂಬಲ್ಲಿ ‘ಯಾವುದೂ ಇಲ್ಲ’ ಎಂದೇ ಬಿಟ್ಟಿದ್ದರು. ಹಾಗಿದ್ದಾಗ ಅವನ ಹಳೆಯ ಪ್ರೋಗ್ರಾಮು ಇಂಗ್ಲಿಷಿನ ಅಕ್ಷರಗಳನ್ನು ಬಿಟ್ಟರೆ ಬೇರೆ ಅಕ್ಷರವೇ ಲೋಕದಲ್ಲಿಲ್ಲವೆಂದು ತಿಳಿಯುತ್ತದೆ. ಚೀಟಿಯ ಆ ಒಂದು ಸಾಲೇ ಅದಕ್ಕೆ ಕನ್ನಡವಿದೆ ಎಂದು ಹೇಳುತ್ತಿದ್ದದ್ದು. ನಾವು ಅಭಿಮಾನದ ಮಾತೆಂದು ಬಿಟ್ಟುಬಿಟ್ಟದ್ದು ಅದನ್ನೇ! ನಾಚಿಕೆಯಾಯಿತೆಂದು ಒಪ್ಪಿಕೊಳ್ಳಬೇಕು. ಹೊಸ ಕಡತದಲ್ಲಿ ‘ಎನ್ವಿರಾನ್‌ಮೆಂಟ್’ ಎಂಬ ಸಾಲಿನಲ್ಲಿ ಅದನ್ನು ಸೇರಿಸಿದೆವು. ಮೇಲ್ಗಡೆ, ಏತಕ್ಕಾಗಿ ಈ ಸಾಲು ಎಂದು ಕನ್ನಡದಲ್ಲೇ ಟಿಪ್ಪಣಿ ಬರೆದೆವು. ತಾತ್ಕಾಲಿಕ ಕೋಶವನ್ನು ಮಾಡಿಕೊಡುವ ಸಾಲನ್ನೂ ಆಗಲೇ ಹಾಕಿದೆವು. ಅದಿಲ್ಲದೆ ಮರುದಿನ ಇನ್ನೊಂದು ಪಜೀತಿ ಕಾದಿತ್ತೆಂದು ಅವನೇ ಎಚ್ಚರಿಸಿದ.

ಮಾರನೆಯ ದಿನ ಹುಡುಗರ ಎದುರಿಗೇ ಗುರುಗಳು ಗೋಡೆಯ ಸ್ವಿಚ್ಚು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಹಾಕಿದರು. ಎರಡು ನಿಮಿಷದಲ್ಲಿ ಪಕ್ಕದ ಕೋಣೆಯಿಂದ ಬೀಸುವ ಪದ ಕೇಳಿಸಿತು.

ನಮ್ಮ ಕೇರಳದ ಶಾಲೆಗಳಲ್ಲಿ ಇದೇ ಬದಲಾವಣೆ ನಡೆದದ್ದು ಯಾರಿಗೂ ಗೊತ್ತಾಗಲಿಲ್ಲ ಎಂಬುದನ್ನೂ ಹೇಳಬೇಕು. ಐಟಿ ಅಟ್ ಸ್ಕೂಲ್‌ನವರು ಶಾಲೆಗಳಿಗೆ ಕೊಟ್ಟ ಉಬುಂಟು 14.04 ಆಧಾರದ ವ್ಯವಸ್ಥೆಯಲ್ಲಿ ಯಂತ್ರವನ್ನು ಎಬ್ಬಿಸುತ್ತಿದ್ದದ್ದು ಅಪ್‌ಸ್ಟಾರ್ಟ್ ಎಂಬ ನಡುಗಾಲದ ಪ್ರೋಗ್ರಾಮು. ಅದೇ ಸಂಸ್ಥೆ ಕೈಟ್ ಎಂಬ ಕಂಪೆನಿಯಾದ ಬಳಿಕ 2019ರಲ್ಲಿ ಹೊರತಂದ 18.04ರಲ್ಲಿ ಸಿಸ್ಟಮ್‌ಡಿ. ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳಿಗೆಂದು ತಯಾರಾದದ್ದು. ಮಂಜೇಶ್ವರದ ಕನ್ನಡ ಶಾಲೆಯ ಮಗುವಿಗಾಗಲಿ ಮಾಸ್ತರರಿಗಾಗಲಿ ಚೀಟಿ ಬರೆಯುವ ಕಷ್ಟ ಬರಲಿಲ್ಲ, ಏಕೆಂದರೆ ಆ ಕೆಲಸವನ್ನು ಎಲ್ಲರ ಪರವಾಗಿ ಒಂದು ಕಡೆ ಕುಳಿತು ಮಾಡಿದವರಿದ್ದರು. ಕೇರಳ ಸರಕಾರದ ಮೇಲೆ ನಮಗೆ ಬೇರೆ ನೂರು ದೂರುಗಳಿವೆ, ಈ ಪತ್ರಿಕೆಯಲ್ಲೇ ಬರೆದಿದ್ದೇವೆ. ಇದೊಂದರಲ್ಲಿ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅಕ್ಕಲಕೋಟದ ಆ ಶಾಲೆಗೆ ಅಂಥವರಿರಲಿಲ್ಲ. ಇದ್ದದ್ದು ಪುಣೆಯ ಒಬ್ಬ ಹುಡುಗ ಮತ್ತು ಗೋಡೆಯ ಕಾಗದ.

ಆದರೆ ನಮ್ಮಲ್ಲಿಯೂ ಶಾಲೆಯ ಹೊರಗೆ ಎಷ್ಟೋ ಕಡೆ, ವಾಚನಾಲಯದಲ್ಲಿ, ಸಣ್ಣ ಮುದ್ರಣಾಲಯದಲ್ಲಿ, ಯಾರೋ ಒಬ್ಬ ಉತ್ಸಾಹಿ ಕೂರಿಸಿಕೊಟ್ಟ ಇಂಥ ಯಂತ್ರಗಳಿವೆ. ಅವರ ಗಮನಕ್ಕೆ ಒಂದು ಮಾತು. 2023ರ ಜುಲೈಯಲ್ಲಿ ಬಂದ ಸಿಸ್ಟಮ್‌ಡಿ 254ನೇ ಆವೃತ್ತಿಯ ಪ್ರಕಟಣೆಯಲ್ಲಿ, ಹಳೆಯ ಚೀಟಿಗಳಿಗೆ ಕೊಡುತ್ತಿದ್ದ ಆಸರೆಯನ್ನು ಮುಂದಿನ ಆವೃತ್ತಿಯೊಂದರಲ್ಲಿ ತೆಗೆದುಬಿಡುವುದಾಗಿಯೂ, ಹೊಸ ಕಡತವನ್ನು ಈಗಲೇ ಬರೆದುಕೊಳ್ಳಬೇಕೆಂದೂ ಸಾರಿದ್ದಾರೆ. ದುಭಾಷಿಗೂ ನಿವೃತ್ತಿ ಎಂದಾಯಿತು. ಹಳೆಯ ಪದ್ಧತಿಯೇ ಬೇಕೆನ್ನುವವರಿಗಾಗಿ, ಪ್ಯಾಕೇಜುಗಳಿಂದ ಹೊರಬಿದ್ದ ಚೀಟಿಗಳನ್ನು ಡೆಬಿಯನ್ನಿನಲ್ಲಿ ಒಂದು ಪ್ಯಾಕೇಜಾಗಿ ಒಟ್ಟುಗೂಡಿಸಿಟ್ಟಿದ್ದಾರೆ. ಅದಕ್ಕೆ ಅವರಿಟ್ಟ ಹೆಸರಿನಲ್ಲೇ ‘ಅನಾಥ’ ಎಂಬ ಪದವಿದೆ. ಆದರೆ ಒಂದೂರಿನ ಶಾಲೆಗೆಂದೇ ಬರೆದ ಚೀಟಿ ಅಂಥ ಅನಾಥಾಶ್ರಮದಲ್ಲೂ ಸಿಗದು. ಆದಕಾರಣ ನಿಮ್ಮ ಯಂತ್ರ ‘ಆಕ್ಟಿವ್’ ಎಂದರೆ ಪಕ್ಕದ ಕಂಸವನ್ನೂ ಓದಿರಿ. ಇನ್ನು ಹೊಸ ಆವೃತ್ತಿ ಕೂರಿಸುವುದಕ್ಕಿಂತ ಮೊದಲು, ಚೀಟಿ ಬರೆದವರು ಎಲ್ಲಿದ್ದಾರೆಂದು ವಿಚಾರಿಸಿ, ಒಂದೊಂದು ಸಾಲೂ ಏತಕ್ಕೆಂದು ಕೇಳಿ ಬರೆದಿಟ್ಟುಕೊಳ್ಳಿರಿ. ನಾವು ಮಾಡಿದಂತೆ ಮಾಡಬೇಡಿರಿ.

ಹೊಸ ಪದ್ಧತಿಯಲ್ಲಿ ಕಳೆದುಕೊಂಡದ್ದೇನೂ ಇಲ್ಲವೆಂದು ಹೇಳಲಾರೆವು. ಹಳೆಯ ಚೀಟಿಯನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಯಂತ್ರ ಏನು ಮಾಡುತ್ತದೆಂದು ಪೂರ್ತಿ ಕಾಣುತ್ತಿತ್ತು. ಈಗ ಹತ್ತು ಸಾಲಿನ ಹಿಂದೆ ಏನು ನಡೆಯುತ್ತದೆಂದು ತಿಳಿಯಲು ದೊಡ್ಡ ಪುಸ್ತಕವನ್ನೇ ಓದಬೇಕು. ಗುರುಗಳಿಗೂ ಅದು ಅಷ್ಟು ಹಿಡಿಸಲಿಲ್ಲ. ‘ಮೊದಲಿನ್ದು ನನಗ ತಿಳೀತಿತ್ರಿ, ಇದು ತಿಳಿಯಾಂಗಿಲ್ಲ, ಆದ್ರ ಕೆಲಸ ಮಾಡ್ತೈತಿ,’ ಎಂದರು. ಹೊರಡುವಾಗ ಶೇಂಗಾ ಚಟ್ನಿಯ ಪೊಟ್ಟಣವೊಂದನ್ನು ಕೈಗಿತ್ತರು. ಗೋಡೆಯ ಕಾಗದವನ್ನು ಕಿತ್ತು, ಹಿಂಬದಿಯಲ್ಲಿ ಪುಣೆಯ ಹುಡುಗನ ನಂಬರನ್ನೂ ನಮ್ಮದನ್ನೂ ಬರೆದು, ಮತ್ತೆ ಅಲ್ಲೇ ಅಂಟಿಸಿದ್ದರು.

ಕಳೆದ ತಿಂಗಳು ಅವರ ಫೋನು ಬಂತು. ಕರೆಂಟು ಐದಾರು ಸಲ ಹೋಗಿ ಬಂದರೂ ಪುಸ್ತಕದ ಯಂತ್ರ ತಾನಾಗಿ ಎದ್ದಿದೆಯಂತೆ. ಈಗ ಪ್ರಿಂಟರು ಚಾಲೂ ಆಗುತ್ತಿಲ್ಲ, ಏನು ಮಾಡಲಿ ಎಂದು ಕೇಳಿದರು.